ಕಣ್ಣಿಗೆ ಬೀಳದ, ಕೈಗೆ ಸಿಗದ ರೂಮ್ ಸೆನ್ಸರ್: ಆಯ್ಕೆಯಿಂದ ತಾಳೆ ನೋಡುವವರೆಗೆ

ವಿಜಯಪುರ, ಬಾಗಲಕೋಟೆ ಕಡೆ ಏಪ್ರಿಲ್‌–ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುವುದು ಹೊಸದಲ್ಲ. ಆ ದಿನಗಳಲ್ಲಿ ಸೆಂಟ್ರಲ್ ಎಸಿ ಇರುವ ಆಸ್ಪತ್ರೆ, ಕಾಲೇಜು, ಕಚೇರಿಗಳಲ್ಲಿ ಅತಿ ಹೆಚ್ಚು ಕೈಗಳು ಹೋಗುವುದು ಗೋಡೆಯ ಮೇಲಿನ ಬಿಳಿ ಪ್ಲಾಸ್ಟಿಕ್ ಡಬ್ಬಿಯ ಕಡೆಗೆ. ಅದರೊಳಗಿನ, ಕೋಣೆಯ ತಾಪಮಾನ ಅಳೆಯುವ ಸೆನ್ಸರ್ ಮೆಣಸಿನಕಾಳಿಗಿಂತ ಚಿಕ್ಕದು. ಅದು ಹೇಳಿದ ಮಾತನ್ನೇ ಕಟ್ಟಡದ ಕಂಟ್ರೋಲ್ ವ್ಯವಸ್ಥೆ, ಅಂದರೆ ಬಿಎಂಎಸ್, ಪೂರಾ ನಂಬುತ್ತದೆ. ಡಬ್ಬಿಯ ಮೇಲೆ ಅಂಗೈ ಇಟ್ಟರೆ ಎಸಿಗೆ ತಣ್ಣೀರು ಬಿಡುವ ವಾಲ್ವ್ ಪೂರ್ತಿ ತೆರೆಯುತ್ತದೆ. ಚಳಿಯಾಗುತ್ತದೆಂದು ಇನ್ನೊಬ್ಬರು ಒದ್ದೆ ಕರ್ಚೀಫು ಹೊದಿಸಿದರೆ ಅದೇ ವಾಲ್ವ್ ಮುಚ್ಚಿಕೊಳ್ಳುತ್ತದೆ. ನಮ್ಮ ಕಡೆಯ ಒಣ ಹವೆಯಲ್ಲಿ ಒದ್ದೆ ಬಟ್ಟೆಯೊಂದು ಸೆನ್ಸರಿನ ಓದನ್ನು ಏಳೆಂಟು ಡಿಗ್ರಿ ಇಳಿಸಬಲ್ಲದು. ಡಬ್ಬಿಯ ಮುಚ್ಚಳ ಕಿತ್ತು, ಸಂದಿಯಲ್ಲಿ ಪೆನ್ಸಿಲ್ ತೂರಿಸಿ, ತಂತಿ ಎಳೆದು ಹಾಳುಮಾಡುವುದು ಇದರ ಮುಂದಿನ ಹಂತ.

ಇದಕ್ಕೆ ಉತ್ತರ, ಗೋಡೆಯ ಸಮಕ್ಕೆ ಕೂರುವ ಸ್ಟೀಲ್ ಪ್ಲೇಟಿನ ಸೆನ್ಸರ್. ನೋಡಿದರೆ ಖಾಲಿ ಸ್ವಿಚ್ ಬೋರ್ಡಿನ ಮುಚ್ಚಳದಂತೆ ಕಾಣುತ್ತದೆ. ಗುಂಡಿ ಇಲ್ಲ, ಡಿಸ್‌ಪ್ಲೇ ಇಲ್ಲ, ಹಿಡಿದು ಎಳೆಯಲು ಅಂಚೂ ಇಲ್ಲ. ಆದರೆ ಸೆನ್ಸರನ್ನು ಮರೆಮಾಡುವುದು ಸುಲಭ. ಮರೆಮಾಡಿದ ಮೇಲೂ ಅದು ಗೋಡೆಯ ಬಿಸಿಯನ್ನು ಬಿಟ್ಟು ಕೋಣೆಯ ಗಾಳಿಯನ್ನೇ ಅಳೆಯುವಂತೆ ಮಾಡುವುದು ನಿಜವಾದ ಕೆಲಸ. ಈ ಬರಹದ ಬಹುಪಾಲು ಅದರ ಬಗ್ಗೆಯೇ.

ಎಲ್ಲಿ ಬೇಕು, ಎಲ್ಲಿ ಬೇಡ

ಕಾಲೇಜಿನ ತರಗತಿ, ಹಾಸ್ಟೆಲ್, ಆಸ್ಪತ್ರೆಯ ಜನರಲ್ ವಾರ್ಡು, ಕಾಯುವ ಹಾಲು, ಗ್ರಂಥಾಲಯ, ಬ್ಯಾಂಕಿನ ಕೌಂಟರ್ ಕೋಣೆ, ಮದುವೆ ಹಾಲು: ಬಂದು ಹೋಗುವವರು ಹೆಚ್ಚಿದ್ದು, ಯಾರೊಬ್ಬರೂ ಹೊಣೆಯಲ್ಲದ ಎಲ್ಲ ಕೋಣೆಗಳಿಗೂ ಇದು ತಕ್ಕದ್ದು. ಮಾನಸಿಕ ಆರೋಗ್ಯದ ವಾರ್ಡಿನಲ್ಲಂತೂ ಗೋಡೆಯಿಂದ ಏನೂ ಹೊರಚಾಚಬಾರದು. ದಾರ, ಬಟ್ಟೆ ಸಿಕ್ಕಿಸಲು ಜಾಗವೇ ಇರಬಾರದು ಎಂಬುದು ಅಲ್ಲಿ ರೋಗಿಯ ಜೀವದ ಪ್ರಶ್ನೆ.

ಒಬ್ಬರೋ ಇಬ್ಬರೋ ದಿನವಿಡೀ ಕೂಡುವ ಚೇಂಬರಿಗೆ ಇದು ಬೇಡ. ಅವರ ಕೈಗೆ ಸೆಟ್ಟಿಂಗ್ ಬದಲಿಸುವ ಗುಂಡಿ ಕೊಡುವುದೇ ಸರಿ. ಆಪರೇಷನ್ ಥಿಯೇಟರಿಗೂ ಬೇಡ. ಅಲ್ಲಿ ಸರ್ಜನ್ ಬೇಡಿದ ತಾಪಮಾನ ತಕ್ಷಣ ಸಿಗಬೇಕು, ಗೋಡೆಯ ಮೇಲೆ ಕಾಣಬೇಕು. ಸ್ಟೀಲ್ ಪ್ಲೇಟಿನ ಸೆನ್ಸರ್ ನಿಧಾನಿ.

ಹಂತ 1: ಒಳಗಿನ ಸೆನ್ಸರ್ ಯಾವುದು

ಮೊದಲು ನಿಮ್ಮ ಕಂಟ್ರೋಲರಿನ (ಸೆನ್ಸರಿನ ಓದು ನೋಡಿ ವಾಲ್ವ್ ನಡೆಸುವ ಬಿಎಂಎಸ್ ಪೆಟ್ಟಿಗೆ) ಇನ್‌ಪುಟ್ ಯಾವ ಸೆನ್ಸರನ್ನು ಓದಬಲ್ಲದು ಎಂದು ಅದರ ಕೈಪಿಡಿಯಲ್ಲಿ ನೋಡಿ. ಸಾಮಾನ್ಯವಾಗಿ ಮೂರು ಬಗೆ ಸಿಗುತ್ತವೆ: 10ಕೆ ಎನ್‌ಟಿಸಿ ಥರ್ಮಿಸ್ಟರ್, ಪಿಟಿ1000, ಪಿಟಿ100.

ಥರ್ಮಿಸ್ಟರಿನ ರೆಸಿಸ್ಟೆನ್ಸ್ (ವಿದ್ಯುತ್ತಿಗೆ ಒಡ್ಡುವ ತಡೆ) 25 ಡಿಗ್ರಿಯಲ್ಲಿ 10,000 ಓಮ್. ಬಿಸಿಯಾದಂತೆ ಅದು ಇಳಿಯುತ್ತದೆ, 25ರ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ಸುಮಾರು 440 ಓಮಿನಷ್ಟು. ಪಿಟಿ1000 ಪ್ಲಾಟಿನಂನದು. 0 ಡಿಗ್ರಿಯಲ್ಲಿ 1000 ಓಮ್ ಇದ್ದು, ಡಿಗ್ರಿಗೆ 3.85 ಓಮ್ ಏರುತ್ತದೆ. ಪಿಟಿ100ಕ್ಕೆ ಇದರ ಹತ್ತನೇ ಒಂದು ಪಾಲು, ಡಿಗ್ರಿಗೆ 0.385 ಓಮ್ ಮಾತ್ರ.

ಈ ಅಂಕಿಗಳು ಯಾಕೆ ಮುಖ್ಯ ಎಂಬುದು ತಂತಿಯ ಉದ್ದ ನೋಡಿದಾಗ ತಿಳಿಯುತ್ತದೆ. ಪ್ಯಾನೆಲಿನಿಂದ ಸೆನ್ಸರಿಗೆ 40 ಮೀಟರ್ ಇದೆ, ತಂತಿ 0.5 ಚದರ ಮಿಮೀ ತಾಮ್ರದ್ದು ಎಂದುಕೊಳ್ಳಿ. ಹೋಗಿ ಬರುವ 80 ಮೀಟರಿನ ರೆಸಿಸ್ಟೆನ್ಸ್ ಸುಮಾರು 3 ಓಮ್. ಎರಡೇ ತಂತಿ ಎಳೆದ ಪಿಟಿ100 ಆದರೆ ಈ 3 ಓಮ್ ಏಳೆಂಟು ಡಿಗ್ರಿಯ ಸುಳ್ಳು ಹೇಳಿಸುತ್ತದೆ. ಪಿಟಿ1000ದಲ್ಲಿ ಮುಕ್ಕಾಲು ಡಿಗ್ರಿ. ಥರ್ಮಿಸ್ಟರಿನಲ್ಲಿ ಡಿಗ್ರಿಯ ನೂರರಲ್ಲಿ ಒಂದು ಪಾಲೂ ಇಲ್ಲ. ಹಾಗಾಗಿ ರೂಮ್ ಸೆನ್ಸರಿಗೆ ನಾನು ಆರಿಸುವುದು 10ಕೆ ಥರ್ಮಿಸ್ಟರ್. ಅದು ಆಗದಿದ್ದರೆ ಪಿಟಿ1000. ಪಿಟಿ100 ಬಳಸಲೇಬೇಕಾದರೆ ಮೂರು ತಂತಿ ಎಳೆಯಿರಿ.

ಥರ್ಮಿಸ್ಟರ್ ಕೊಳ್ಳುವಾಗ ‘10ಕೆ’ ಎಂದಷ್ಟೇ ಹೇಳಿದರೆ ಸಾಲದು. ಟೈಪ್ 2 ಮತ್ತು ಟೈಪ್ 3 ಎಂದು ಎರಡು ಬಗೆ ಬರುತ್ತವೆ. 25 ಡಿಗ್ರಿಯಲ್ಲಿ ಎರಡೂ ಒಂದೇ, ಅಲ್ಲಿಂದ ದೂರ ಸರಿದಂತೆ ಬೇರೆಬೇರೆ. 0 ಡಿಗ್ರಿಯಲ್ಲಿ ಟೈಪ್ 2 ತೋರಿಸುವುದು 32,650 ಓಮ್, ಟೈಪ್ 3 ತೋರಿಸುವುದು 29,490 ಓಮ್. ಕಂಟ್ರೋಲರಿನಲ್ಲಿ ತಪ್ಪು ಟೈಪ್ ಆರಿಸಿದರೆ 24–25 ಡಿಗ್ರಿ ಇರುವ ದಿನ ಎಲ್ಲವೂ ಸರಿ ಕಾಣುತ್ತದೆ. ತಪ್ಪು ಹೊರಬೀಳುವುದು ಎಸಿ ನಿಂತು ಕೋಣೆ 35ಕ್ಕೆ ಏರಿದಾಗ. ಬಿಲ್ಲಿನ ಮೇಲೆ ಟೈಪ್ ಬರೆಸಿಕೊಳ್ಳಿ.

ಮಾಡ್‌ಬಸ್ ಅಥವಾ ವೈರ್‌ಲೆಸ್ ರೂಮ್ ಸೆನ್ಸರುಗಳೂ ಇವೆ, ಓದನ್ನು ಅಂಕಿಯಾಗಿ ತಾವೇ ಕಳಿಸುವಂಥವು. ಒಳ್ಳೆಯವೇ. ಆದರೆ ಅವುಗಳ ಎಲೆಕ್ಟ್ರಾನಿಕ್ಸ್ ತಾನೇ ಬಿಸಿಯಾಗುತ್ತದೆ. ಗಾಳಿ ಆಡದ ಸ್ಟೀಲ್ ಪ್ಲೇಟಿನ ಹಿಂದೆ ಆ ಬಿಸಿಗೆ ಹೋಗಲು ದಾರಿ ಇಲ್ಲ. ಮುಚ್ಚಿದ ಪ್ಲೇಟಿಗೆ ಬರಿಯ ಥರ್ಮಿಸ್ಟರೇ ಲೇಸು.

ಹಂತ 2: ಹೊರಗಿನ ಕವಚ

ಮೂರು ದಾರಿ ಇವೆ.

ಒಂದು, ಸ್ಟೀಲ್ ಪ್ಲೇಟು. ಸುಮಾರು ಒಂದೂವರೆ ಮಿಮೀ ದಪ್ಪದ 304 ದರ್ಜೆಯ ಸ್ಟೇನ್‌ಲೆಸ್ ಹಾಳೆ. ಹಿಂಬದಿಯ ಮಧ್ಯದಲ್ಲಿ ಥರ್ಮಿಸ್ಟರನ್ನು ಶಾಖ ಹಾಯುವ ಎಪಾಕ್ಸಿಯಿಂದ ಅಂಟಿಸಿ, ಅದರ ಮೇಲೆ ಫೋಮ್ ಹೊದಿಸಿರುತ್ತಾರೆ. ಪ್ಲೇಟಿನ ಮುಖಕ್ಕೆ ಕೋಣೆಯ ಗಾಳಿ, ಬೆನ್ನಿಗೆ ಫೋಮ್: ಇದೇ ಇದರ ಜೀವಾಳ. ಕೊಳ್ಳುವಾಗ ಪ್ಲೇಟು ತಿರುಗಿಸಿ ನೋಡಿ. ಫೋಮ್ ಇಲ್ಲದಿದ್ದರೆ, ಇದ್ದರೂ ಸೆನ್ಸರಿನ ಸುತ್ತ ಒಂದು ತುಣುಕಷ್ಟೇ ಇದ್ದರೆ ವಾಪಸ್ ಕೊಡಿ. ಫೋಮ್ ಕನಿಷ್ಠ 10 ಮಿಮೀ ಇದ್ದು ಪ್ಲೇಟಿನ ಬೆನ್ನನ್ನೆಲ್ಲ ಮುಚ್ಚಿರಬೇಕು, ಸ್ಕ್ರೂ ತೂತು ಬಿಟ್ಟು. ಅಲ್ಯೂಮಿನಿಯಂ ಪ್ಲೇಟು ಹಗುರ, ಅಗ್ಗ. ಆದರೆ ಸ್ಟೇನ್‌ಲೆಸ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ಶಾಖ ಹಾಯಿಸುತ್ತದೆ. ಗೋಡೆಗೆ ತಾಗುವ ಅಂಚಿನಿಂದ ಬಿಸಿ ನೇರ ನಡುವಿಗೆ ಬರುತ್ತದೆ. ಈ ಕೆಲಸಕ್ಕೆ ಸ್ಟೇನ್‌ಲೆಸ್ಸೇ ಆಗಬೇಕು.

ಬೆಳಗಾವಿಯವರಿಗೆ ಒಂದು ಅನುಕೂಲ ಇದೆ. ಉದ್ಯಮಬಾಗದ ವರ್ಕ್‌ಶಾಪುಗಳಲ್ಲಿ ಬೇಕಾದ ಅಳತೆಗೆ ಸ್ಟೀಲ್ ಹಾಳೆ ಕತ್ತರಿಸಿ, ಅಂಚು ಉಜ್ಜಿ, ತೂತು ಹಾಕಿಸಿಕೊಳ್ಳಬಹುದು. ನಿಮ್ಮ ಕಟ್ಟಡದ ಸ್ವಿಚ್ ಬೋರ್ಡುಗಳ ಅಳತೆಯನ್ನೇ ಕೊಟ್ಟರೆ ಪ್ಲೇಟು ಅವುಗಳ ಸಾಲಿನಲ್ಲಿ ಸೇರಿಹೋಗುತ್ತದೆ. ಮುಖ ಹೊಳೆಯುವುದು ಬೇಡ, ಬ್ರಶ್ ಫಿನಿಶ್ ಮಾಡಿಸಿ. ಹೊಳೆಯುವ ಪ್ಲೇಟು ಕನ್ನಡಿಯಂತೆ ಜನರನ್ನು ಹತ್ತಿರಕ್ಕೆ ಕರೆಯುತ್ತದೆ. ಅಂಟಿಸಿದ ಮೇಲೆ ಥರ್ಮಿಸ್ಟರಿನ ತಂತಿಗೂ ಪ್ಲೇಟಿಗೂ ಸಂಪರ್ಕ ಇಲ್ಲವೆಂದು ಮಲ್ಟಿಮೀಟರಿನಲ್ಲಿ ನೋಡಿ.

ಎರಡು, ಬಟನ್ ಸೆನ್ಸರ್. ಗೋಡೆಯಲ್ಲಿ ಸುಮಾರು 10 ಮಿಮೀ ತೂತು, ಅದರಲ್ಲಿ ಚಿಕ್ಕ ಲೋಹದ ತಲೆ. ಕಣ್ಣಿಗೆ ಬೀಳುವುದೇ ಇಲ್ಲ. ಆದರೆ ತಲೆ ಚಿಕ್ಕದಾದಷ್ಟೂ ಗೋಡೆಯ ಪ್ರಭಾವ ಹೆಚ್ಚು. ಎರಡು ಕೋಣೆಗಳ ನಡುವಿನ ಜಿಪ್ಸಂ ಪಾರ್ಟಿಷನ್ನಿಗೆ ಅಡ್ಡಿ ಇಲ್ಲ, ಇಟ್ಟಿಗೆ–ಕಲ್ಲಿನ ಗೋಡೆಗೆ ನಾನು ಒಪ್ಪುವುದಿಲ್ಲ.

ಮೂರು, ವಾಪಸ್ ಗಾಳಿಯ ಡಕ್ಟಿನಲ್ಲಿ, ಅಂದರೆ ಕೋಣೆಯ ಗಾಳಿ ಎಸಿಗೆ ಮರಳುವ ಕೊಳವೆಯಲ್ಲಿ ಸೆನ್ಸರ್. ಯಾರ ಕೈಗೂ ಸಿಗುವುದಿಲ್ಲ. ಆದರೆ ಫ್ಯಾನ್ ಓಡುವಾಗ ಮಾತ್ರ ಅದರ ಮಾತು ನಿಜ. ಫ್ಯಾನ್ ನಿಂತರೆ ಅದು ಫಾಲ್ಸ್ ಸೀಲಿಂಗಿನ ಮೇಲಿನ ಬಿಸಿಯನ್ನು ಅಳೆಯುತ್ತದೆ. ಮೇಲಂತಸ್ತಾದರೆ ಇನ್ನೂ ಕಷ್ಟ. ಮೇ ತಿಂಗಳ ಮಧ್ಯಾಹ್ನ ಕಾದ ಸ್ಲ್ಯಾಬಿನ ಕೆಳಗೆ ಹಾದು ಬರುವ ಗಾಳಿ ಕೋಣೆಗಿಂತ ಬಿಸಿಯಾಗಿಯೇ ಇರುತ್ತದೆ. ಡಕ್ಟ್ ಸೆನ್ಸರನ್ನೇ ನೆಚ್ಚುವುದಾದರೆ ಬೆಳಿಗ್ಗೆ ಫ್ಯಾನ್ ಚಾಲೂ ಆಗಿ 10 ನಿಮಿಷ ಕಳೆದ ಮೇಲಷ್ಟೇ ಅದರ ಓದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತೆ ಪ್ರೋಗ್ರಾಂ ಮಾಡಿ.

ನನ್ನ ಸಲಹೆ: ಕೋಣೆಯಲ್ಲಿ ಪ್ಲೇಟು, ಡಕ್ಟಿನಲ್ಲಿ ಇನ್ನೊಂದು ಸೆನ್ಸರ್. ಒಂದು ಸುಳ್ಳು ಹೇಳಿದರೆ ಇನ್ನೊಂದು ಹಿಡಿದುಕೊಡುತ್ತದೆ.

ಹಂತ 3: ಜಾಗ ಆರಿಸುವುದು

ಇಲ್ಲಿ ಅವಸರ ಮಾಡಬೇಡಿ. ನೆಲದಿಂದ 1.2ರಿಂದ 1.5 ಮೀಟರ್ ಎತ್ತರ, ಜನ ಕೂತು ಓಡಾಡುವ ಮಟ್ಟ, ಇದು ಎಲ್ಲೆಡೆ ಒಪ್ಪಿದ ಅಳತೆ. ಮಕ್ಕಳ ಕೈ ತಪ್ಪಿಸಲು 1.8 ಮೀಟರಿಗೆ ಏರಿಸುವುದುಂಟು. ಮೇಲೆ ಹೋದಷ್ಟೂ ಗಾಳಿ ಬಿಸಿ ಎಂಬುದನ್ನು ಮರೆಯದೆ ಏರಿಸಿ.

ಗೋಡೆಯ ಆಯ್ಕೆ ಎತ್ತರಕ್ಕಿಂತ ಮುಖ್ಯ. ಹೊರಗೋಡೆ ಬೇಡವೇ ಬೇಡ, ಅದರಲ್ಲೂ ಪಡುವಣ ಗೋಡೆ. ವಿಜಯಪುರದಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಲು ಕುಡಿದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಒಳಮೈಗೆ ಆ ಬಿಸಿ ಹಲವು ಗಂಟೆ ತಡವಾಗಿ ಬರುತ್ತದೆ. ಸಂಜೆ ಏಳೆಂಟಕ್ಕೆ ಹೊರಗೆ ತಂಪು ಗಾಳಿ ಬೀಸುತ್ತಿದ್ದರೂ ಗೋಡೆ ಮುಟ್ಟಿದರೆ ಕೈಗೆ ಬೆಚ್ಚಗೆ ತಾಗುತ್ತದೆ. ಅಂಥ ಗೋಡೆಯ ಮೇಲಿನ ಪ್ಲೇಟು ಕೋಣೆ 24 ಇದ್ದಾಗಲೂ 26 ಎನ್ನುತ್ತದೆ, ನೀರು ತಣ್ಣಗೆ ಮಾಡುವ ಯಂತ್ರ, ಚಿಲ್ಲರ್, ಇನ್ನಷ್ಟು ದುಡಿಯುತ್ತದೆ. ಸೆಟ್ಟಿಂಗ್ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಕೇಂದ್ರದ ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಅದೇ ಲೆಕ್ಕವನ್ನು ಹಿಂದುಮುಂದು ಮಾಡಿ ನೋಡಿ. ಎರಡು ಡಿಗ್ರಿ ಸುಳ್ಳು ಹೇಳುವ ಸೆನ್ಸರ್ ಪ್ರತಿ ಬೇಸಿಗೆಯಲ್ಲೂ ಎಷ್ಟು ಬಿಲ್ಲು ಏರಿಸುತ್ತದೆ ಎಂದು ಗೊತ್ತಾಗುತ್ತದೆ.

ಒಳಗೋಡೆಯೇ ಆಗಲಿ, ಅದರ ಆಚೆ ಏನಿದೆ ನೋಡಿ. ಲಿಫ್ಟಿನ ಬಾವಿ, ಅಡುಗೆಮನೆ, ಯುಪಿಎಸ್ ಕೋಣೆ ಇದ್ದರೆ ಬೇರೆ ಗೋಡೆ ಹುಡುಕಿ. ಬೆಳಗಾವಿಯ ಹಳೆಯ ಕಲ್ಲಿನ ಕಟ್ಟಡಗಳಲ್ಲಿ ಗೋಡೆ ಒಂದೂವರೆ–ಎರಡು ಅಡಿ ದಪ್ಪ. ಅದು ದಿನದ ಬಿಸಿ ರಾತ್ರಿಗೆ, ರಾತ್ರಿಯ ತಂಪು ದಿನಕ್ಕೆ ದಾಟಿಸುತ್ತದೆ. ಬೆಳಗಾವಿ ಸಮುದ್ರಮಟ್ಟಕ್ಕಿಂತ ಸುಮಾರು 750 ಮೀಟರ್ ಮೇಲಿದೆ, ಡಿಸೆಂಬರಿನ ಬೆಳಗು ಚೆನ್ನಾಗಿ ತಣ್ಣಗಿರುತ್ತದೆ. ಅಲ್ಲಿನ ಕಲ್ಲುಗೋಡೆಯ ಪ್ಲೇಟು ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದ ಮುಂಜಾನೆ ಕಡಿಮೆ ತೋರಿಸಬಹುದು. ಅಂಥ ಕಡೆ ಗೋಡೆ ಕೊರೆಯದೆ, ಗೋಡೆಯ ಮೇಲೆ ಒಂದು ಇಂಚು ದಪ್ಪದ ಇನ್ಸುಲೇಷನ್ ಹಲಗೆ ಕೂಡಿಸಿ ಅದರ ಮೇಲೆ ಪ್ಲೇಟು ಹಾಕಿ. ಸಮಕ್ಕೆ ಕೂರದಿದ್ದರೂ ಅಂಚು ಇಳಿಜಾರಾಗಿರಲಿ. ಸಂರಕ್ಷಿತ ಸ್ಮಾರಕವಾದರೆ ಪುರಾತತ್ವ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ.

ಇನ್ನು ತಪ್ಪಿಸಬೇಕಾದವು: ಎಸಿ ಗಾಳಿ ನೇರ ಬೀಳುವ ಜಾಗ, ಕಿಟಕಿಯ ಬಿಸಿಲು ಹಾಯುವ ಜಾಗ (ಜೂನಿನಲ್ಲಿ ಬೀಳದ ಬಿಸಿಲು ಡಿಸೆಂಬರಿನಲ್ಲಿ ಬೀಳಬಹುದು), ತೆರೆದ ಬಾಗಿಲ ಹಿಂದು, ಟಿವಿ, ಫ್ರಿಜ್, ನೀರಿನ ಕೂಲರಿನ ಪಕ್ಕ, ಮುಂದೆ ಕಪಾಟು ಬರಲಿರುವ ಗೋಡೆ. ಜನ ಸಾಲು ನಿಲ್ಲುವ ಕಡೆಯೂ ಬೇಡ. ಒರಗಿ ನಿಂತವರ ಬೆನ್ನಿನ ಬಿಸಿ ಸಾಕು, ಬೇಕೆಂದೇ ಯಾರೂ ಏನೂ ಮಾಡಬೇಕಿಲ್ಲ.

ದೊಡ್ಡ ಹಾಲಿಗೆ ಒಂದು ಪ್ಲೇಟು ಸಾಲದು. ನಾಲ್ಕು ಥರ್ಮಿಸ್ಟರುಗಳನ್ನು ಎರಡೆರಡಾಗಿ ಸೀರೀಸಿನಲ್ಲಿ ಸೇರಿಸಿ, ಆ ಎರಡು ಜೋಡಿಗಳನ್ನು ಪ್ಯಾರಲಲ್ ಮಾಡಿದರೆ ಮತ್ತೆ 10ಕೆ ಸಿಗುತ್ತದೆ, ನಾಲ್ಕರ ಸರಾಸರಿ ಒಂದೇ ಇನ್‌ಪುಟ್ಟಿನಲ್ಲಿ ಬರುತ್ತದೆ. ಒಬ್ಬರು ಒಂದು ಪ್ಲೇಟಿಗೆ ಏನೇ ಮಾಡಿದರೂ ಪರಿಣಾಮ ಕಾಲುಭಾಗ ಮಾತ್ರ. ಒಂದು ಕೆಟ್ಟರೆ ಒಟ್ಟು ಓದು ಹಾಳಾಗುತ್ತದೆ ಎಂಬುದು ಇದರ ಕೊರತೆ. ಇನ್‌ಪುಟ್ ಖಾಲಿ ಇದ್ದರೆ ನಾಲ್ಕನ್ನೂ ಬೇರೆಬೇರೆ ಎಳೆದು ಸರಾಸರಿಯನ್ನು ಪ್ರೋಗ್ರಾಮಿನಲ್ಲಿ ತೆಗೆಯುವುದೇ ಉತ್ತಮ.

ಹಂತ 4: ತಂತಿ

ತಿರುಚಿದ ಜೋಡಿ ತಂತಿ, ಶೀಲ್ಡ್ ಇರುವುದು, 0.5 ಅಥವಾ 0.75 ಚದರ ಮಿಮೀ. ಶೀಲ್ಡನ್ನು ಪ್ಯಾನೆಲಿನ ಕಡೆ ಮಾತ್ರ ಅರ್ಥ್ ಮಾಡಿ. ಸೆನ್ಸರಿನ ಕಡೆ ಕತ್ತರಿಸಿ ಟೇಪು ಸುತ್ತಿ. 230 ವೋಲ್ಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ಪಕ್ಕಪಕ್ಕ ಹೋಗಲೇಬೇಕಾದರೆ ಒಂದು ಅಡಿ ಅಂತರ ಬಿಡಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಂತಿ ಹೋಗುವಂತಿದ್ದರೆ ಎರಡೂ ತುದಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿ. ರೋಹಿಣಿ ಮಳೆಯ ಗುಡುಗು–ಸಿಡಿಲಿನ ಹೊತ್ತಿಗೆ ಕಂಟ್ರೋಲರ್ ಕಾರ್ಡುಗಳನ್ನು ಕಾಯುವುದು ಅದೇ.

ಹಂತ 5: ಡಬ್ಬಿ, ಪೈಪು ಮತ್ತು ಊದಿನಕಡ್ಡಿ

ಗೋಡೆ ಕೊರೆಯುವ ದಿನ ಗೌಂಡಿ ಮತ್ತು ಎಲೆಕ್ಟ್ರಿಷಿಯನ್ ಇಬ್ಬರೂ ಒಟ್ಟಿಗೆ ಇರಲಿ.

“ಅಣ್ಣಾರ, ಈ ಡಬ್ಬಿ ಗಿಲಾವಿನ ಸಮಕ್ಕ ಬರಬೇಕೋ, ಒಳಗ ಹೋಗಬೇಕೋ?”

“ಸಮಕ್ಕ ಬ್ಯಾಡೋ ತಮ್ಮಾ, ಎರಡು ಮಿಮೀ ಒಳಗ ಇರಲಿ. ಪ್ಲೇಟಿನ ಅಂಚು ಗಿಲಾವಿನ ಮ್ಯಾಲ ಕೂಡಬೇಕು, ಸಂದಿ ಕಾಣಬಾರದು.”

ಇಷ್ಟು ಮಾತು ಮೊದಲೇ ಆದರೆ ಆಮೇಲೆ ಪ್ಲೇಟು ಎದ್ದು ನಿಲ್ಲುವುದಿಲ್ಲ. ಎದ್ದ ಅಂಚೇ ಬೆರಳಿಗೂ ಸ್ಕ್ರೂಡ್ರೈವರಿಗೂ ದಾರಿ.

ಡಬ್ಬಿಯಲ್ಲಿ ಸೆನ್ಸರಿನ ತಂತಿ, ಪ್ಲೇಟಿನ ಅರ್ಥ್ ತಂತಿ ಬಿಟ್ಟು ಬೇರೇನೂ ಇರಬಾರದು. ಸ್ವಿಚ್ಚಿನ ಡಬ್ಬಿಯಲ್ಲೇ ಜಾಗ ಇದೆ ಎಂದು ಅಲ್ಲೇ ಸೇರಿಸುವುದು ಅಪಾಯ. ಪ್ಲೇಟು ಲೋಹದ್ದು, ಬರುವವರೆಲ್ಲ ಮುಟ್ಟುವಂಥದ್ದು.

ಈಗ ಬಹಳ ಜನ ಬಿಟ್ಟುಬಿಡುವ ಕೆಲಸ. ತಂತಿ ಎಳೆದ ಪೈಪಿನ ಇನ್ನೊಂದು ಬಾಯಿ ಸಾಮಾನ್ಯವಾಗಿ ಫಾಲ್ಸ್ ಸೀಲಿಂಗಿನ ಮೇಲೆ ತೆರೆದುಕೊಂಡಿರುತ್ತದೆ. ಕೋಣೆಯ ಗಾಳಿಯನ್ನು ಹೊರಗೆಳೆಯುವ ಎಕ್ಸಾಸ್ಟ್ ಇದ್ದರೆ ಆ ಬಿಸಿ ಗಾಳಿ ಪೈಪಿನೊಳಗಿಂದ ಇಳಿದು ನೇರ ಸೆನ್ಸರಿನ ಬೆನ್ನಿಗೆ ಬಡಿಯುತ್ತದೆ. ನೋಡಲು ಒಂದು ಊದಿನಕಡ್ಡಿ ಸಾಕು. ಪ್ಲೇಟು ಹಾಕುವ ಮುಂಚೆ ಎಸಿ, ಎಕ್ಸಾಸ್ಟ್ ಎರಡೂ ಚಾಲೂ ಮಾಡಿ, ಸೀಲಿಂಗ್ ಫ್ಯಾನ್ ಆರಿಸಿ, ಹೊತ್ತಿಸಿದ ಕಡ್ಡಿಯನ್ನು ಡಬ್ಬಿಯ ಬಾಯಿಗೆ ಎರಡು ಬೆರಳಿನ ದೂರದಲ್ಲಿ ಅಲುಗಾಡದಂತೆ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೇರಿದರೆ ಸರಿ. ಕೋಣೆಯ ಕಡೆ ಬಾಗಿದರೆ ಪೈಪಿನಿಂದ ಗಾಳಿ ಬರುತ್ತಿದೆ, ಡಬ್ಬಿಯೊಳಕ್ಕೆ ಎಳೆದುಕೊಂಡರೆ ಗಾಳಿ ಹೋಗುತ್ತಿದೆ. ಎರಡೂ ಕೆಟ್ಟದ್ದೇ.

ಮುಚ್ಚಲು ಎಲೆಕ್ಟ್ರಿಕಲ್ ಪುಟ್ಟಿ ಅಥವಾ ಸಿಲಿಕೋನ್ ಬಳಸಿ. ಸಿಲಿಕೋನ್ ‘ನ್ಯೂಟ್ರಲ್’ ಬಗೆಯದ್ದಾಗಿರಬೇಕು. ಹಚ್ಚುವಾಗ ವಿನೆಗರಿನ ವಾಸನೆ ಬರುವ ಅಗ್ಗದ ಬಗೆ ತಾಮ್ರವನ್ನು ತಿನ್ನುತ್ತದೆ, ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಜೋಡಣೆ ಹಸಿರಾಗಿ ಓದು ಜಾರತೊಡಗುತ್ತದೆ. ಪೈಪಿನ ಬಾಯಿ, ಡಬ್ಬಿಯ ಒಡೆದ ತೂತುಗಳು, ಡಬ್ಬಿ–ಗೋಡೆಯ ನಡುವಿನ ಸಂದಿ ಎಲ್ಲ ಮುಚ್ಚಿ, ಆದರೆ ಮುಚ್ಚುವ ಮುಂಚೆ ಒಂದು ಗೇಣು ತಂತಿ ಒಳಗೆ ಸಡಿಲ ಬಿಡಿ. ಮುಂದೆ ಸೆನ್ಸರ್ ಬದಲಿಸುವವರು ನಿಮ್ಮನ್ನು ನೆನೆಯುತ್ತಾರೆ. ಮುಚ್ಚಿದ ಮೇಲೆ ಊದಿನಕಡ್ಡಿ ಇನ್ನೊಮ್ಮೆ.

ಹಂತ 6: ಪ್ಲೇಟು ಬಿಗಿಯುವುದು

ಥರ್ಮಿಸ್ಟರಿಗೆ ಧನ–ಋಣ ಎಂಬುದಿಲ್ಲ, ಯಾವ ತಂತಿ ಎಲ್ಲಿಗಾದರೂ ಸೇರಲಿ. ಬೆಸುಗೆ ಹಾಕಿ ಶ್ರಿಂಕ್ ಟ್ಯೂಬ್ ಏರಿಸಿ, ಅಥವಾ ಜೆಲ್ ತುಂಬಿದ ಕನೆಕ್ಟರ್ ಬಳಸಿ. ಬರೀ ತಿರುಚಿ ಟೇಪು ಸುತ್ತಬೇಡಿ. ಪ್ಲೇಟಿಗೆ ಹಸಿರು ಅರ್ಥ್ ತಂತಿ ಕೊಡಿ. ಒಣ ಹವೆಯಲ್ಲಿ ಸಿಂಥೆಟಿಕ್ ಬಟ್ಟೆ ತೊಟ್ಟವರ ಕೈಯಿಂದ ಹಾರುವ ಕಿಡಿ ಕಂಟ್ರೋಲರಿಗೆ ಹೋಗದೆ ನೆಲಕ್ಕೆ ಹೋಗುತ್ತದೆ.

ಸ್ಕ್ರೂ ಸಾಮಾನ್ಯ ಪ್ಲಸ್ ತಲೆಯದು ಬೇಡ. ನಡುವೆ ಗೂಟ ಇರುವ ನಕ್ಷತ್ರಾಕಾರದ ತಲೆಯದು, ಅಥವಾ ಎರಡು ತೂತಿನದು ತನ್ನಿ. ಇವುಗಳ ಬಿಟ್ ಆನ್‌ಲೈನಿನಲ್ಲಿ ಯಾರಿಗೂ ಸಿಗುತ್ತದೆ, ಹಟ ಹಿಡಿದವರನ್ನು ತಡೆಯಲಾರವು. ಜೇಬಿನಲ್ಲಿರುವ ನಾಣ್ಯ, ಕೀಲಿಕೈ, ಪೆನ್ನಿನ ಕ್ಲಿಪ್ಪಿನಿಂದ ಬಿಚ್ಚಲು ಆಗದು ಎಂಬುದೇ ಇವುಗಳ ಉಪಯೋಗ, ಹೆಚ್ಚಿನ ಕಡೆ ಅಷ್ಟು ಸಾಕು. ಒಂದೇ ದಿಕ್ಕಿಗೆ ತಿರುಗುವ ಸ್ಕ್ರೂ ಹಾಕಬೇಡಿ, ರಿಪೇರಿಗೆ ಬಂದವರು ಗೋಡೆ ಒಡೆಯಬೇಕಾಗುತ್ತದೆ. ಪ್ಲೇಟು ಹಿಡಿಯುವಷ್ಟೇ ಬಿಗಿಯಿರಿ. ಅತಿಯಾಗಿ ಬಿಗಿದರೆ ಹಿಂದಿನ ಫೋಮ್ ಜಜ್ಜಿ ಪ್ಲೇಟು ಡಬ್ಬಿಗೆ ತಾಗುತ್ತದೆ, ಗೋಡೆಯ ಬಿಸಿಗೆ ಸೇತುವೆ ಕಟ್ಟಿದಂತಾಗುತ್ತದೆ.

ಮುಖದ ಮೇಲೆ ಹೆಸರು, ನಂಬರು ಏನೂ ಬೇಡ. ಬೆನ್ನಿಗೆ ಪಾಯಿಂಟ್ ನಂಬರ್ ಬರೆಯಿರಿ, ಕಟ್ಟಡದ ನಕ್ಷೆಯಲ್ಲಿ ಗುರುತು ಹಾಕಿ, ಕೋಣೆ ಕಾಣುವಂತೆ ಫೋಟೊ ತೆಗೆದು ನಕ್ಷೆಯ ಜೊತೆ ಇಡಿ. ಕಾಣದಂತೆ ಮಾಡಿದ ವಸ್ತು ಮರೆತೂ ಹೋಗುತ್ತದೆ. ಮೂರು ವರ್ಷದ ಮೇಲೆ ಬಡಿಗೇರರು ಬಂದು ಅದರ ಮುಂದೆ ಗೋದ್ರೇಜ್ ಕಪಾಟು ನಿಲ್ಲಿಸುವಾಗ ತಡೆಯಲು ಆ ನಕ್ಷೆ ಬಿಟ್ಟು ಬೇರಾರೂ ಇರುವುದಿಲ್ಲ.

ಹಂತ 7: ಕಂಟ್ರೋಲರಿನಲ್ಲಿ ಕಾವಲು

ಮೊದಲು ಇನ್‌ಪುಟ್ ಪರೀಕ್ಷೆ. ಸೆನ್ಸರಿನ ಬದಲು ಶೇಕಡಾ 0.1 ನಿಖರತೆಯ 10,000 ಓಮ್ ರೆಸಿಸ್ಟರ್ ಜೋಡಿಸಿ. ಪರದೆ 25.0 ತೋರಿಸಬೇಕು. ಪಿಟಿ1000 ಇನ್‌ಪುಟ್ಟಿಗೆ 1000 ಓಮ್ ಜೋಡಿಸಿದರೆ 0 ತೋರಿಸಬೇಕು. ಇಲ್ಲಿ ತಪ್ಪಿದರೆ ಕಂಟ್ರೋಲರಿನದೇ ದೋಷ, ಗೋಡೆಗೆ ಬೈದು ಪ್ರಯೋಜನವಿಲ್ಲ. ರೆಸಿಸ್ಟರನ್ನು ತಂತಿಯ ಆ ತುದಿಗೆ, ಡಬ್ಬಿಯೊಳಗೆ ಜೋಡಿಸಿದರೆ ತಂತಿಯ ಪರೀಕ್ಷೆಯೂ ಆಯಿತು.

ಆಮೇಲೆ ತಂತಿ ಕತ್ತರಿಸಿದರೆ ಏನಾಗುತ್ತದೆ ಎಂದು ಯೋಚಿಸಿ. ಥರ್ಮಿಸ್ಟರಿನ ತಂತಿ ತುಂಡಾದರೆ ರೆಸಿಸ್ಟೆನ್ಸ್ ಅನಂತ, ಕಂಟ್ರೋಲರ್ ಅದನ್ನು ಭಾರಿ ಚಳಿ ಎಂದು ಓದಿ ಎಸಿ ನಿಲ್ಲಿಸುತ್ತದೆ. ಎರಡು ತಂತಿ ಒಂದಕ್ಕೊಂದು ತಾಗಿದರೆ ಭಾರಿ ಬಿಸಿ ಎಂದು ಓದಿ ಪೂರ್ತಿ ತಂಪು ಬಿಡುತ್ತದೆ. ಇದನ್ನು ತಿಳಿದವರೊಬ್ಬರು ಎರಡು ತಂತಿ ಸೇರಿಸಿಟ್ಟರೆ ಸಾಕು, ಕೋಣೆ ಇಡೀ ಬೇಸಿಗೆ ಹಿಮವಾಗಿರುತ್ತದೆ. ಪ್ಲಾಟಿನಂ ಸೆನ್ಸರಿನಲ್ಲಿ ಇದು ಉಲ್ಟಾ: ತುಂಡಾದರೆ ಬಿಸಿ, ತಾಗಿದರೆ ಚಳಿ. ಆದ್ದರಿಂದ 5ಕ್ಕಿಂತ ಕೆಳಗೆ, 50ಕ್ಕಿಂತ ಮೇಲೆ ಬಂದ ಯಾವ ಓದನ್ನೂ ನಂಬದೆ, ಅಲಾರಂ ಕೊಟ್ಟು, ವಾಪಸ್ ಗಾಳಿಯ ಸೆನ್ಸರಿಗೆ ಹೊರಳುವಂತೆ ಬರೆಯಿರಿ.

ಮುಂದಿನ ಕಾವಲು, ಏರಿಳಿತದ ವೇಗ. ಜನ ತುಂಬಿದ ಕೋಣೆಯೂ ಐದು ನಿಮಿಷದಲ್ಲಿ 3 ಡಿಗ್ರಿ ಏರುವುದಿಲ್ಲ. ಬೆಚ್ಚಗಿನ ಅಂಗೈ ಏರಿಸುತ್ತದೆ. ಆ ಮಿತಿ ದಾಟಿದರೆ 15 ನಿಮಿಷ ಹಳೆಯ ಓದನ್ನೇ ಹಿಡಿದಿಟ್ಟು ಘಟನೆಯನ್ನು ದಾಖಲಿಸಲಿ. ಕೋಣೆಯ ಸೆನ್ಸರಿಗೂ ಡಕ್ಟಿನದಕ್ಕೂ ಒಂದು ಗಂಟೆಗೂ ಮೀರಿ 3 ಡಿಗ್ರಿ ಅಂತರ ಉಳಿದರೆ ಇನ್ನೊಂದು ಅಲಾರಂ. ಪ್ಲೇಟಿನ ಮೇಲೆ ಯಾರೋ ಕ್ಯಾಲೆಂಡರ್ ತೂಗುಹಾಕಿದ್ದು, ಥರ್ಮಾಕೋಲ್ ಅಂಟಿಸಿದ್ದು ಹೀಗೇ ಗೊತ್ತಾಗುತ್ತದೆ.

ಸೆಟ್ಟಿಂಗನ್ನು 24ಕ್ಕೆ ಇಡಿ. 2020ರ ಜನವರಿ 1ರಿಂದ ರೂಮ್ ಎಸಿಗಳು ಕಾರ್ಖಾನೆಯಿಂದಲೇ 24 ಡಿಗ್ರಿಗೆ ಹೊಂದಿಸಿ ಬರಬೇಕೆಂಬ ನಿಯಮ ಇರುವುದರಿಂದ ಜನರಿಗೆ ಈ ಅಂಕಿ ಪರಿಚಿತ. ಸ್ಟೀಲ್ ಪ್ಲೇಟು ಬಿಳಿ ಡಬ್ಬಿಗಿಂತ ನಿಧಾನ ಎಂಬುದನ್ನು ಲೂಪ್ ಟ್ಯೂನಿಂಗಿನಲ್ಲಿ, ಅಂದರೆ ಓದು ಬದಲಾದಾಗ ವಾಲ್ವ್ ಎಷ್ಟು ಜೋರಾಗಿ, ಎಷ್ಟು ಬೇಗ ತಿರುಗಬೇಕೆಂದು ಹೊಂದಿಸುವಾಗ, ಲೆಕ್ಕಕ್ಕೆ ತನ್ನಿ. ಗೇನ್ ಇಳಿಸಿ, ಇಂಟಿಗ್ರಲ್ ಸಮಯ ಹೆಚ್ಚಿಸಿ. ಹಳೆಯ ಡಬ್ಬಿಯ ಅಂಕಿಗಳನ್ನೇ ಉಳಿಸಿದರೆ ವಾಲ್ವ್ ತೆರೆದು ಮುಚ್ಚಿ ತೆರೆದು ಮುಚ್ಚಿ ಸವೆಯುತ್ತದೆ, ಕೋಣೆ ಒಮ್ಮೆ ಚಳಿ ಒಮ್ಮೆ ಸೆಕೆ.

ಹಂತ 8: ತಾಳೆ ನೋಡುವುದು

ಕ್ಯಾಲಿಬ್ರೇಷನ್ ಪ್ರಮಾಣಪತ್ರ ಇರುವ ಥರ್ಮಾಮೀಟರನ್ನು ದಾರದಲ್ಲಿ ಕಟ್ಟಿ, ಪ್ಲೇಟಿನಿಂದ ಒಂದು ಗೇಣು ಮುಂದೆ, ಅದೇ ಎತ್ತರದಲ್ಲಿ ತೂಗುಬಿಡಿ. ಕೈಯಲ್ಲಿ ಹಿಡಿಯಬೇಡಿ, ಹತ್ತಿರವೂ ನಿಲ್ಲಬೇಡಿ. ಅರ್ಧ ತಾಸು ಬಿಟ್ಟು ಎರಡರ ಓದನ್ನೂ ಬರೆದುಕೊಳ್ಳಿ. ಹೀಗೆ ಒಂದೇ ದಿನ ಮೂರು ಹೊತ್ತು ಮಾಡಿ: ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ನಾಲ್ಕಕ್ಕೆ, ರಾತ್ರಿ ಎಂಟಕ್ಕೆ.

ಮೂರೂ ಹೊತ್ತು ಅಂತರ ಒಂದೇ ಇದ್ದರೆ, ಉದಾಹರಣೆಗೆ ಪ್ಲೇಟು ಯಾವಾಗಲೂ 0.6 ಹೆಚ್ಚು, ಕಂಟ್ರೋಲರಿನಲ್ಲಿ ಅಷ್ಟು ಕಳೆಯುವಂತೆ ಆಫ್‌ಸೆಟ್ ಕೊಡಿ. ಬೆಳಿಗ್ಗೆ 0.2, ನಾಲ್ಕಕ್ಕೆ 0.8, ರಾತ್ರಿ 1.9 ಎಂದು ಬದಲಾಗುತ್ತಿದ್ದರೆ ಆಫ್‌ಸೆಟ್ ಕೊಡಲೇಬೇಡಿ. ಅದು ಗೋಡೆಯ ಮಾತು. ಒಂದು ಹೊತ್ತಿಗೆ ಸರಿಪಡಿಸಿದರೆ ಇನ್ನೊಂದು ಹೊತ್ತಿಗೆ ತಪ್ಪುತ್ತದೆ. ಪ್ಲೇಟು ಬಿಚ್ಚಿ ಫೋಮ್ ನೋಡಿ, ಪೈಪಿನ ಬಾಯಿ ನೋಡಿ, ಎರಡೂ ಸರಿ ಇದ್ದರೆ ಗೋಡೆ ಬದಲಿಸಿ. ಗುತ್ತಿಗೆದಾರರು ಬೆಳಗಿನ ಒಂದೇ ಓದು ತೋರಿಸಿ ಸಹಿ ಕೇಳಿದರೆ ಹಾಕಬೇಡಿ.

ಅಲ್ಲಿ ಕೂಡುವವರಿಗೆ ಹೇಳಿ

ಹಾಸ್ಟೆಲ್ ಕೋಣೆಯಲ್ಲಿ, ಹೆರಿಗೆ ವಾರ್ಡಿನಲ್ಲಿ ಗೋಡೆಯ ಮೇಲೆ ಹೊಸದಾಗಿ ಬಂದ ಹೆಸರಿಲ್ಲದ ಸ್ಟೀಲ್ ಪ್ಲೇಟು ಕಂಡರೆ ಹೆಣ್ಣುಮಕ್ಕಳಿಗೆ ಮೊದಲು ಬರುವ ಅನುಮಾನ ಕ್ಯಾಮೆರಾದ್ದು. ಆ ಅನುಮಾನಕ್ಕೆ ಕಾರಣವಿದೆ, ಅದಕ್ಕೆ ನಗಬಾರದು. ಕೂಡಿಸುವ ಮುಂಚೆಯೇ ವಾರ್ಡನ್, ಸಿಸ್ಟರ್, ಕೋಣೆಯವರು ಎಲ್ಲರ ಮುಂದೆ ಪ್ಲೇಟಿನ ಬೆನ್ನು ತಿರುಗಿಸಿ ತೋರಿಸಿ: “ನೋಡ್ರಿ ಅಕ್ಕಾರ, ಇದರಾಗ ಕಣ್ಣಿಲ್ಲ, ಕಿವಿ ಇಲ್ಲ, ಬರೇ ಬಿಸಿ–ತಂಪು ಅಳಿತೈತಿ.” ನೋಟಿಸ್ ಬೋರ್ಡಿನಲ್ಲಿಯೂ ಎರಡು ಸಾಲು ಹಾಕಿ. ಪ್ಲೇಟು ಗುಟ್ಟಾಗಿ ಕಾಣಬಹುದು, ಅದರ ವಿಷಯ ಗುಟ್ಟಾಗಿರಬಾರದು.

ಜನ ಸೆನ್ಸರಿಗೆ ಕೈ ಹಾಕುವುದು ಬಹಳ ಸಲ ನಿಜವಾದ ತೊಂದರೆಯಿಂದಲೇ. ಒಬ್ಬರ ತಲೆಯ ಮೇಲೆ ಗಾಳಿ ನೇರ ಬೀಳುತ್ತದೆ, ಇನ್ನೊಬ್ಬರ ಮೂಲೆಗೆ ತಲುಪುವುದೇ ಇಲ್ಲ. ದೂರು ಹೇಳಲು ಒಂದು ಫೋನ್ ನಂಬರ್ ಕೊಡಿ, ಗಾಳಿ ಬಿಡುವ ಜಾಲರಿಯ (ಡಿಫ್ಯೂಸರ್) ರೆಕ್ಕೆ ತಿರುಗಿಸಿ, ಗಾಳಿಯ ಪ್ರಮಾಣ ಅಳೆದು ಸರಿಮಾಡಿ. ಸಾಧ್ಯವಿದ್ದರೆ ಬಾಗಿಲ ಬಳಿ ಒಂದು ಗುಂಡಿ ಇಡಿ: ಒತ್ತಿದರೆ ಒಂದು ತಾಸು 1 ಡಿಗ್ರಿ ಇಳಿದು ತಾನೇ ಮೊದಲಿನ ಅಂಕಿಗೆ ಮರಳುವಂಥದ್ದು. ಇಷ್ಟು ಮಾಡಿದ ಕೋಣೆಯಲ್ಲಿ ವಿಶೇಷ ಸ್ಕ್ರೂಗಳಿಗೆ ಕೆಲಸವೇ ಕಡಿಮೆ.

ಆಮೇಲಿನ ನಿಗಾ

ಸ್ಟೀಲ್ ಪ್ಲೇಟಿಗೆ ಗಾಳಿಯ ಸಂದಿಗಳಿಲ್ಲದ ಕಾರಣ ನಮ್ಮ ಬಯಲುಸೀಮೆಯ ಧೂಳು ಒಳಗೆ ಸೇರುವುದಿಲ್ಲ. ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಕಾಡುವುದು ಬಣ್ಣ. ದಸರಾ–ದೀಪಾವಳಿ ಹೊತ್ತಿಗೆ ಬಣ್ಣ ಹಚ್ಚುವವರು ಬಂದಾಗ ರೋಲರ್ ಅದರ ಮೇಲೂ ಓಡುತ್ತದೆ, ಪದರ ಸೇರಿದಂತೆ ಓದು ಇನ್ನೂ ನಿಧಾನವಾಗುತ್ತದೆ, ಅಂಚು ಗೋಡೆಗೆ ಅಂಟಿಕೊಳ್ಳುತ್ತದೆ. ಬಣ್ಣಕ್ಕೆ ಮುಂಚೆ ಕಾಗದದ ಟೇಪು ಅಂಟಿಸಿ, ಮುಗಿದ ದಿನವೇ ಕಿತ್ತುಹಾಕಿ.

ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ, ಬಿಸಿಲು ಏರುವ ಮುಂಚೆ ಎಂಟನೆಯ ಹಂತದ ತಾಳೆಯನ್ನು ಮತ್ತೆ ಮಾಡಿ ಅಂಕಿಗಳನ್ನು ಹಳೆಯವುಗಳ ಪಕ್ಕ ಬರೆಯಿರಿ. ಅದೇ ಟೈಪಿನ ಎರಡು ಪ್ಲೇಟು, ಸ್ಕ್ರೂಗಳ ಬಿಟ್, 10,000 ಓಮಿನ ಆ ಒಂದು ರೆಸಿಸ್ಟರ್, ಇವನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಬಿಎಂಎಸ್ ಪ್ಯಾನೆಲಿನ ಬಾಗಿಲಿನ ಒಳಬದಿಗೆ ಕಟ್ಟಿಡಿ.